ಕೂಳೆ ಚುಚ್ಚಿತು ಅಂದರು ನಮ್ಮತ್ತೆ

ನಮ್ಮತ್ತೆ ಸರ್ವಮಂಗಳಮ್ಮನವರಿಗೆ ಸುಳ್ಳು ಹೇಳಲು ಬರುವುದಿಲ್ಲ ಎಂಬುದನ್ನು ಮದುವೆಯಾದ ಒಂದೇ ವಾರದಲ್ಲಿ ನಾನು ಕಂಡುಕೊಂಡಿದ್ದೆ. ಉಪ್ಪಿಟ್ಟು ಹೇಗಿದೆ ಅತ್ತೆ ಅಂತ ಕೇಳಿದರೆ, "ಗೋಡೆ ಬಿರುಕಿಗೆ ಮೆತ್ತಬೋದು" ಅನ್ನುವ ಪೈಕಿ ಅವರು. ಅಂಥವರು ನನಗೆ ಗೊತ್ತಿರುವ ಹಾಗೆ ಒಂದೇ ಒಂದು ಸುಳ್ಳು ಹೇಳಿದರು. ಅದರಲ್ಲಿ ಅವರ ಜೀವವೇ ಹೋಗುವುದರಲ್ಲಿತ್ತು. ಆ ಸುಳ್ಳನ್ನು ಹೇಳಿಸಿದ್ದು ನಾನು. ಹಾಗಾಗಿ ಅವರ ಕಥೆಯನ್ನು ಬೇರೆ ಯಾರೋ ಚಂದ ಮಾಡಿ ಹೇಳುವ ಮೊದಲು ನಾನೇ ಹೇಳಿಬಿಡುವುದು ಒಳ್ಳೆಯದು.

ನಾನು ಹುಟ್ಟಿ ಬೆಳೆದದ್ದು ತುಮಕೂರಿನ ಶೆಟ್ಟಿಹಳ್ಳಿಯಲ್ಲಿ. ಅಪ್ಪನದು ಶಿರಾ ಗೇಟಿನಲ್ಲಿ ಒಂದು ಸ್ಟೇಷನರಿ ಅಂಗಡಿ. ಹಾವು ಎಂದರೆ ನನಗೆ ಮೊಬೈಲಿನಲ್ಲಿ ಬರುವ ವಿಡಿಯೋ. ಅದನ್ನೂ ಹೆಬ್ಬೆರಳಿನಿಂದ ಬೇಗ ಬೇಗ ಮೇಲಕ್ಕೆ ತಳ್ಳಿಬಿಡುತ್ತಿದ್ದೆ. ಹೆಣ್ಣು ನೋಡಲು ಬಂದವರು ಹುಡುಗ ರೇಣುಕಾಪ್ರಸಾದ್ ಅಂತರಸನಹಳ್ಳಿಯ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್, ಗುಬ್ಬಿ ಹತ್ತಿರ ಸ್ವಂತ ತೆಂಗಿನ ತೋಟ, ತೋಟದೊಳಗೇ ಮನೆ, ಒಬ್ಬನೇ ಮಗ ಎಂದೆಲ್ಲ ಹೇಳಿದರು. ಆ ತೋಟದಲ್ಲಿ ಇನ್ನೂ ಯಾರು ಯಾರು ವಾಸವಾಗಿದ್ದಾರೆ ಎಂಬುದನ್ನು ಮಾತ್ರ ಒಬ್ಬರೂ ಬಾಯಿ ಬಿಡಲಿಲ್ಲ.

ಗೊತ್ತಾದದ್ದು ಮದುವೆಯಾದ ಮೂರನೇ ದಿನ. ಬೆಳಿಗ್ಗೆ ಕಾಫಿಗೆ ಹಾಲಿಟ್ಟು ತಿರುಗಿದರೆ, ಅಟ್ಟದಿಂದ ಇಳಿಬಿಟ್ಟ ಬಿದಿರಿನ ಏಣಿಯಲ್ಲಿ ನನಗಿಂತ ಉದ್ದದ ಹಳದಿ ಹಾವೊಂದು ಆರಾಮಾಗಿ ಇಳಿದು ಬರುತ್ತಿತ್ತು. ನನ್ನ ಕಿರುಚಾಟಕ್ಕೆ ಹಾಲು ಉಕ್ಕಿತು, ದನ ಹಗ್ಗ ಜಗ್ಗಿದವು. ಅತ್ತೆ ಬಂದು ಮೊದಲು ಒಲೆ ಆರಿಸಿದರು.

"ಕಿರುಚಬ್ಯಾಡ ಕಣಮ್ಮ. ಅವನು ಮೇಸ್ತ್ರಿ. ಬೆಳಿಗ್ಗೆ ಹೊತ್ತು ಬಂದು ಅಟ್ಟ ನೋಡ್ಕೊಂಡು ಹೋಗ್ತಾನೆ" ಅಂದರು.

ಅದು ಕೇರೆ ಹಾವು. ನಮ್ಮ ಕಡೆ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಡುತ್ತಾರೆ. ಒಳಗೆ ನೀರೆಲ್ಲ ಇಂಗಿ ಉಂಡೆ ಕೊಬ್ಬರಿಯಾಗುತ್ತದೆ. ಅಷ್ಟು ತಿಂಗಳು ಕಾಯಿ ಕೂತಿರುವ ಅಟ್ಟ ಎಂದರೆ ಇಲಿಗಳಿಗೆ ಮದುವೆ ಛತ್ರವಿದ್ದ ಹಾಗೆ. ಇಲಿ ಇದ್ದ ಮೇಲೆ ಕೇರೆ ಬರಲೇಬೇಕು. ಅತ್ತೆಯ ಪ್ರಕಾರ ಮೇಸ್ತ್ರಿ ಸಂಬಳವಿಲ್ಲದೆ ದುಡಿಯುವವನು, ಅವನ ಮೇಲೆ ಕೂಗಾಡುವುದು ಸಣ್ಣತನ.

ಮೇಸ್ತ್ರಿ ಒಬ್ಬನೇ ಆಗಿದ್ದರೆ ಹೇಗೋ ಸಹಿಸಿಕೊಳ್ಳಬಹುದಿತ್ತು. ತೋಟದ ಬದುವಿನಲ್ಲಿ, ಹೊಂಗೆ ಮರದ ಬುಡಕ್ಕೆ, ಎದೆಯುದ್ದದ ಹುತ್ತವಿದೆ. ಅಲ್ಲಿರುವ ನಾಗರಹಾವನ್ನು ಅತ್ತೆ ಹೆಸರು ಹಿಡಿದು ಕರೆಯುವುದಿಲ್ಲ. 'ದೊಡ್ಡೋರು' ಅನ್ನುತ್ತಾರೆ. "ದೊಡ್ಡೋರು ನೀರಿನ ತೊಟ್ಟಿ ಹತ್ರ ಅವ್ರೆ, ಸ್ವಲ್ಪ ಹೊತ್ತು ಬಿಟ್ಟು ಬಟ್ಟೆ ಒಗಿ" ಅಂದರೆ ನಾನು ಅವತ್ತು ಬಟ್ಟೆ ಒಗೆಯುವುದನ್ನೇ ಬಿಡುತ್ತಿದ್ದೆ. ಹುತ್ತದ ಸುತ್ತ ಎರಡು ಮಾರು ಜಾಗಕ್ಕೆ ಗುದ್ದಲಿಯಾಗಲಿ ಟಿಲ್ಲರ್ ಆಗಲಿ ತಾಗುವಂತಿಲ್ಲ. ನಾಗರ ಪಂಚಮಿಗೆ ಊರಿನವರು ಬಂದು ಬಿಲಕ್ಕೆ ಹಾಲು ಸುರಿಯಲು ಹೊರಟರೆ ಅತ್ತೆ ಚೊಂಬು ಹಿಡಿದು ನಿಲ್ಲಿಸಿ, "ಪಕ್ಕಕ್ಕೆ ಎರೀರಿ, ನಿಮ್ಮ ಮನೆ ಬಾಗ್ಲಿಗೆ ಯಾರಾದ್ರೂ ಕೊಡಗಟ್ಲೆ ಸುರಿದ್ರೆ ಸುಮ್ಕಿರ್ತೀರಾ" ಎಂದು ಗದರುತ್ತಿದ್ದರು.

ಅವರಿಗೆ ಹಿಡಿಸದ ಹಾವೆಂದರೆ ಕೊಳಕುಮಂಡಲ ಒಂದೇ. "ಕೇರೆ ನಮ್ಮ ಹೆಜ್ಜೆ ಸದ್ದಿಗೆ ಓಡೋಗುತ್ತೆ. ದೊಡ್ಡೋರು ಹೆಡೆ ಎತ್ತಿ ನಾನಿದೀನಿ ಅಂತ ಹೇಳ್ತಾರೆ. ಈ ಮಂಡಲ ಬಿದ್ದ ಕಡೆ ಬಿದ್ದಿರುತ್ತೆ, ಸೋಮಾರಿ. ಮೈಮೇಲೆ ಬಿದ್ರೂ ಜಾಗ ಬಿಡಲ್ಲ" ಅನ್ನುತ್ತಿದ್ದರು. ಕೋಪ ಬಂದರೆ ಮಾತ್ರ ಅದು ಕುಕ್ಕರ್ ಸೀಟಿಯ ಹಾಗೆ ಬುಸುಗುಡುತ್ತದೆ. ಹಾಗೆ ಬುಸುಗುಟ್ಟಿದ ಕಡೆ ಅತ್ತೆ ಎರಡು ದಿನ ಯಾರನ್ನೂ ಸುಳಿಯಲು ಬಿಡುತ್ತಿರಲಿಲ್ಲ.

ಇಷ್ಟೆಲ್ಲ ಧೈರ್ಯ ಅವರಿಗೆ ಹುಟ್ಟುತ್ತಲೇ ಬಂದದ್ದಲ್ಲ. ಅವರ ತವರು ಕುಣಿಗಲ್ ಆಚೆ, ಕೆರೆ ಕೆಳಗಿನ ಒಂದು ಊರು. ಹದಿನೆಂಟಕ್ಕೆ ಮದುವೆಯಾಗಿ ಬಂದ ವರ್ಷ ರಾಗಿ ತುಂಬುವ ಮಣ್ಣಿನ ವಾಡೆಯ ಮುಚ್ಚಳ ತೆಗೆದರೆ ಒಳಗೆ ನಾಗರಹಾವು ಸುರುಳಿ ಸುತ್ತಿಕೊಂಡು ಕೂತಿತ್ತಂತೆ. ಅತ್ತೆ ಕೂಗಿಕೊಂಡು ಓಡಿ ಬಂದರು. ನಮ್ಮ ಮಾವ ರೇವಣಸಿದ್ದಯ್ಯನವರು ಅವರಿಗಿಂತ ಜೋರಾಗಿ ಓಡಿ ಮಂಚ ಹತ್ತಿ ನಿಂತರು. ಮಾವ ತೀರಿಕೊಂಡು ಹನ್ನೊಂದು ವರ್ಷವಾಯಿತು, ನಾನು ಅವರನ್ನು ನೋಡಿಲ್ಲ. ಆದರೆ ಈ ಮಂಚದ ಕಥೆ ಹೇಳುವಾಗ ಅತ್ತೆ ಇವತ್ತಿಗೂ ಸೆರಗು ಬಾಯಿಗಿಟ್ಟುಕೊಂಡು ನಗುತ್ತಾರೆ. "ಇಬ್ರಲ್ಲಿ ಒಬ್ರಾದ್ರೂ ನೆಲದ ಮೇಲೆ ಇರ್ಬೇಕಲ್ಲಮ್ಮ. ಅವ್ರು ಮಂಚ ಬಿಟ್ಟು ಇಳೀಲಿಲ್ಲ. ಅದಕ್ಕೆ ನಾನು ಕಲಿಬೇಕಾಯ್ತು." ಅವತ್ತು ಅವರು ಹಿತ್ತಲ ಬಾಗಿಲು ತೆಗೆದಿಟ್ಟು, ಕಾಯಿ ಕೀಳುವ ಉದ್ದನೆ ದೋಟಿಯಿಂದ ವಾಡೆಯನ್ನು ಮೆಲ್ಲಗೆ ಅಡ್ಡ ಮಲಗಿಸಿ, ಹಸುವಿಗೆ ಹುಲ್ಲು ಹಾಕಲು ಹೋದರಂತೆ. ವಾಪಸ್ ಬರುವಷ್ಟರಲ್ಲಿ ಹಾವು ಹೋಗಿತ್ತು.

ಆಮೇಲಿನ ನಲವತ್ತು ವರ್ಷ ಅವರು ಮಾಡಿದ್ದು ಅದನ್ನೇ: ದಾರಿ ಬಿಡುವುದು. ಬಿದ್ದ ತೆಂಗಿನ ಗರಿಯನ್ನು ಕೈಯಲ್ಲಿ ಎತ್ತುವ ಮೊದಲು ದೋಟಿಯಿಂದ ಒಂದು ಮಾರು ಎಳೆದು ನೋಡುವುದು. ಕಾಯಿ ಸುಲಿದ ಮಟ್ಟೆ ರಾಶಿಯ ಹತ್ತಿರ ಹೋಗುವಾಗ ಕೋಲು ಕುಟ್ಟಿಕೊಂಡು ಹೋಗುವುದು. ಹಾವಿಗೆ ನಮ್ಮ ಹಾಗೆ ಕಿವಿ ಇಲ್ಲ ಅತ್ತೆ ಎಂದು ನಾನು ಓದಿದವಳ ಗತ್ತಿನಲ್ಲಿ ಹೇಳಿದರೆ, "ಕಿವಿ ಇಲ್ದಿದ್ರೇನು, ನೆಲ ಐತಲ್ಲ" ಅಂದರು. ಕೊಯ್ದು ಮಲಗಿಸಿದ ರಾಗಿಯನ್ನು ಕಂತೆ ಕಟ್ಟುವಾಗ ಅವರ ನಿಯಮ ಇನ್ನೂ ಬಿಗಿ. ಕುಡುಗೋಲಿನ ತುದಿಯಿಂದ ಹಿಡಿ ಹಿಡಿಯನ್ನೂ ಮಗುಚಿ, ಆಮೇಲೆ ಕೈ ಹಾಕಬೇಕು. ಕೂಲಿಗೆ ಬಂದವರು ಹಾಗೆ ಮಾಡದಿದ್ದರೆ ಅರ್ಧ ದಿನಕ್ಕೇ ಮನೆಗೆ ಕಳಿಸುತ್ತಿದ್ದರು. ಮೂರು ತಲೆಮಾರಿನಿಂದ ಈ ಮನೆಯ ಯಾರನ್ನೂ ಹಾವು ಮುಟ್ಟಿಲ್ಲ ಎಂಬುದು ಅವರ ಹೆಮ್ಮೆ. ದೇವರ ದಯೆ ಎಂದು ಬೇರೆಯವರು ಹೇಳಿದರೆ, ವಿಭೂತಿ ಹಚ್ಚಿದ ಹಣೆಯನ್ನು ಒಂದು ಸಲ ಮುಟ್ಟಿಕೊಂಡು, "ದಯೆ ಶಿವಂದು, ಕೋಲು ನಂದು" ಅನ್ನುತ್ತಿದ್ದರು.

ಇನ್ನು ನನ್ನ ವಿಷಯ. ಮಗಳು ಸಿಂಚನಾಗೆ ಮೂರು ವರ್ಷವಿದ್ದಾಗ ಒಂದು ಮಧ್ಯಾಹ್ನ ಅವಳು ಅಂಗಳದಲ್ಲಿ ಕೂತು ಚಪ್ಪಾಳೆ ತಟ್ಟಿ ನಗುತ್ತಿದ್ದಳು. ಅವಳಿಂದ ನಾಲ್ಕು ಅಡಿ ದೂರದಲ್ಲಿ ಮೇಸ್ತ್ರಿ ಹಾದು ಹೋಗುತ್ತಿದ್ದ. ಅತ್ತೆ ಪಕ್ಕದಲ್ಲೇ ನಿಂತು ನೋಡುತ್ತಿದ್ದರು. ಅವರು ನಿಂತಿದ್ದರು ಎಂಬುದೇ ನನ್ನ ರೋಷಕ್ಕೆ ತುಪ್ಪ ಸುರಿಯಿತು. ಮಗುವನ್ನು ಬಾಚಿ ಎತ್ತಿಕೊಂಡು ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಕೊನೆಗೆ, "ಈ ಮನೇಲಿ ಯಾರಿಗಾದ್ರೂ ಒಂದು ಹಾವು ಮುಟ್ಟಿದ ದಿನ, ಮಗೂನ ಎತ್ಕೊಂಡು ಶೆಟ್ಟಿಹಳ್ಳಿಗೆ ಹೋಗ್ತೀನಿ. ಆಮೇಲೆ ಯಾರೂ ಕರೆಯೋಕೆ ಬರ್ಬೇಡಿ" ಅಂದೆ.

ಅತ್ತೆ "ಆಯ್ತಮ್ಮ" ಅಂದರು. ಅಷ್ಟೇ.

ಒಂದು ಸಲ ಅಂದು ಸುಮ್ಮನಾಗಿದ್ದರೆ ಆ ಮಾತು ಮರೆತು ಹೋಗುತ್ತಿತ್ತೋ ಏನೋ. ಆದರೆ ಅದು ಕೆಲಸ ಮಾಡುತ್ತದೆ ಎಂದು ನನಗೆ ಗೊತ್ತಾಗಿಬಿಟ್ಟಿತು. ಸಾರಿಗೆ ಉಪ್ಪು ಜಾಸ್ತಿ ಅಂದರೂ, ಹಬ್ಬಕ್ಕೆ ತವರಿಗೆ ಹೋಗುವ ಮಾತು ಬಂದರೂ, "ಹಾವು ಮುಟ್ಟಿದ ದಿನ ಗೊತ್ತಲ್ಲ" ಅಂತ ಎಲ್ಲಿಂದೆಲ್ಲಿಗೋ ಅದನ್ನು ಎಳೆದು ತರುತ್ತಿದ್ದೆ. ಅತ್ತೆ ತಕ್ಷಣ ಸುಮ್ಮನಾಗುತ್ತಿದ್ದರು. ಗೆದ್ದೆ ಎಂದುಕೊಳ್ಳುತ್ತಿದ್ದೆ. ನಮ್ಮ ಯಜಮಾನರದು ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವ ಜಾತಿ. ಇಬ್ಬರ ಮಾತಿಗೂ ತಲೆಯಾಡಿಸಿ ಡ್ಯೂಟಿಗೆ ಹೊರಟುಬಿಡುತ್ತಿದ್ದರು. ಹೀಗೆ ಐದು ವರ್ಷ ನಡೆಯಿತು.

ಹೋದ ಡಿಸೆಂಬರ್, ಒಂದು ಶನಿವಾರ. ಎರಡು ದಿನದಿಂದ ಸೈಕ್ಲೋನ್ ಎಂದು ಟಿವಿಯಲ್ಲಿ ಹೇಳುತ್ತಿದ್ದರು. ಮನೆ ಹಿಂದಿನ ಹೊಲದಲ್ಲಿ ರಾಗಿ ಕೊಯ್ದು ಮಲಗಿಸಿತ್ತು. ಮಳೆ ಬಿದ್ದರೆ ತೆನೆ ಕಪ್ಪಾಗುತ್ತದೆ, ಹುಲ್ಲೂ ಕೊಳೆಯುತ್ತದೆ. ಅವತ್ತು ಬೆಳಿಗ್ಗೆಯಿಂದಲೇ ಹನಿ ಶುರುವಾಗಿತ್ತು. ನಾನು ಗುಬ್ಬಿಯ ಒಂದು ಸಣ್ಣ ಲ್ಯಾಬಿನಲ್ಲಿ ಟೆಕ್ನಿಷಿಯನ್, ಡ್ಯೂಟಿಗೆ ಹೋಗಿದ್ದೆ. ಯಜಮಾನರು ಫ್ಯಾಕ್ಟರಿಯಲ್ಲಿ. ಹೊಲದಲ್ಲಿದ್ದದ್ದು ಅತ್ತೆ, ಪಕ್ಕದ ಊರಿನ ಕದರಯ್ಯನ ಹೆಂಡತಿ ಕದರಮ್ಮ, ಇನ್ನಿಬ್ಬರು ಕೂಲಿಯವರು.

ಮಧ್ಯಾಹ್ನ ಎರಡೂವರೆಗೆ ನಾನು ಸ್ಕೂಟಿ ನಿಲ್ಲಿಸುತ್ತಿದ್ದ ಹಾಗೆ ಸಿಂಚನಾ ಓಡಿ ಬಂದಳು. ಅವಳಿಗೀಗ ಎಂಟು ವರ್ಷ, ಶನಿವಾರ ಅರ್ಧ ದಿನ ಶಾಲೆ.

"ಅಮ್ಮ, ಅಜ್ಜಿ ಕೈಗೆ ಬಟ್ಟೆ ಬದಲಾಯಿಸ್ತಾನೇ ಇದಾರೆ. ಮೂರು ಬಟ್ಟೆ ಆಯ್ತು. ರಕ್ತ ನಿಲ್ತಿಲ್ಲ" ಅಂದಳು.

ಅತ್ತೆ ಜಗಲಿಯ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಎಡಗೈಯನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದರು.

"ಏನಾಯ್ತತ್ತೆ?"

"ಏನಿಲ್ಲ ಬುಡು. ರಾಗಿ ಕೂಳೆ ಚುಚ್ತು. ಸುಣ್ಣ ಹಚ್ಚಿದೀನಿ."

ಕೊಯ್ದ ಮೇಲೆ ನೆಲದಲ್ಲಿ ಉಳಿಯುವ ಮೋಟು ಕಡ್ಡಿಗೆ ಕೂಳೆ ಎನ್ನುತ್ತೇವೆ. ಅದು ಚುಚ್ಚುವುದು ಮಾಮೂಲು. ಆದರೆ ಕೂಳೆ ಚುಚ್ಚಿದರೆ ಮೊಣಕೈವರೆಗೆ ಊದಿಕೊಳ್ಳುವುದಿಲ್ಲ. ಸೆರಗು ಸರಿಸಿದೆ. ತೋರುಬೆರಳಿನ ಸುತ್ತ ಚರ್ಮ ನೇರಳೆ ಬಣ್ಣಕ್ಕೆ ತಿರುಗಿತ್ತು. ಅವರು ಪಕ್ಕಕ್ಕೆ ತಿರುಗಿ ಉಗುಳಿದರು. ಎಲೆ ಅಡಿಕೆ ಹಾಕಿದ್ದಾರೆ ಎಂದುಕೊಂಡೆ. ಅವರಿಗೆ ಆ ಅಭ್ಯಾಸವೇ ಇಲ್ಲ ಎಂದು ಆಮೇಲೆ ಹೊಳೆಯಿತು. ವಸಡಿನಿಂದ ರಕ್ತ ಬರುತ್ತಿತ್ತು.

"ಅತ್ತೆ, ಇದು ಹಾವು."

"ಕೂಳೆ ಅಂದ್ನಲ್ಲಮ್ಮ."

"ಎಷ್ಟೊತ್ತಾಯ್ತು?"

"ಹತ್ತೂವರೆ ಇರ್ಬೋದು. ಕೂಳೆ ಚುಚ್ಚಿದ್ದಕ್ಕೆ ಗಡಿಯಾರ ಯಾರು ನೋಡ್ತಾರೆ?"

ನಾಲ್ಕು ಗಂಟೆ ಕಳೆದಿತ್ತು. ಕದರಯ್ಯನ ಹತ್ತಿರ ಓಮ್ನಿ ವ್ಯಾನ್ ಇದೆ. ಫೋನ್ ಮಾಡಿದೆ. ಕಾಯಿ ಇಳಿಸಲು ದೂರ ಹೋಗಿದ್ದ, ಇಪ್ಪತ್ತು ನಿಮಿಷದಲ್ಲಿ ಬರುತ್ತೇನೆ ಅಂದ. ಅತ್ತೆ ಮಾತ್ರ ಆಸ್ಪತ್ರೆಗೆ ಬರಲು ಸುತರಾಂ ಒಪ್ಪಲಿಲ್ಲ. "ಕೂಳೆಗೆಲ್ಲಾ ಆಸ್ಪತ್ರೆಗೆ ಹೋದ್ರೆ ಊರೋರು ನಗ್ತಾರೆ" ಅಂದರು. ಎಳೆದು ಕೂರಿಸುವಷ್ಟು ಶಕ್ತಿ ನನಗಿಲ್ಲ. ಅವರ ಹಟ ನನಗೆ ಗೊತ್ತು. ನನ್ನದು ಅವರಿಗೆ ಗೊತ್ತು.

ಮನೆಮನೆಗೆ ಹೋಗಿ ರಕ್ತ ತೆಗೆಯುವುದೂ ನನ್ನ ಕೆಲಸವಾದ್ದರಿಂದ ಸ್ಕೂಟಿ ಡಿಕ್ಕಿಯಲ್ಲಿ ಯಾವಾಗಲೂ ಕಿಟ್ ಇರುತ್ತದೆ. ಮಂಡಲದ ವಿಷ ಏರಿದರೆ ರಕ್ತ ಹೆಪ್ಪುಗಟ್ಟುವುದಿಲ್ಲ. ಪರೀಕ್ಷೆ ಬಹಳ ಸುಲಭ. ಒಣಗಿದ ಗಾಜಿನ ಟ್ಯೂಬಿಗೆ ಸ್ವಲ್ಪ ರಕ್ತ ಹಾಕಿ, ಅಲುಗಾಡಿಸದೆ ಇಪ್ಪತ್ತು ನಿಮಿಷ ಇಟ್ಟು, ಆಮೇಲೆ ಓರೆ ಮಾಡಿ ನೋಡುವುದು. ಊದದಿದ್ದ ಬಲಗೈಯಿಂದ ರಕ್ತ ತೆಗೆದು ಟ್ಯೂಬನ್ನು ಅವರ ಕಣ್ಣೆದುರೇ ಜಗಲಿಯ ಮೇಲೆ ಲೋಟದೊಳಗೆ ನಿಲ್ಲಿಸಿದೆ.

"ಇಪ್ಪತ್ತು ನಿಮಿಷ ಅತ್ತೆ. ಇದು ಗಟ್ಟಿಯಾದ್ರೆ ಕೂಳೆ, ನಾನು ಬಾಯಿ ಮುಚ್ಕೊಂಡು ಅಡುಗೆ ಮಾಡ್ತೀನಿ. ಗಟ್ಟಿಯಾಗ್ಲಿಲ್ಲ ಅಂದ್ರೆ ಒಂದು ಮಾತಾಡ್ದೆ ವ್ಯಾನ್ ಹತ್ಬೇಕು."

ಅವರು ಟ್ಯೂಬನ್ನೊಮ್ಮೆ ನೋಡಿ, "ಆಯ್ತು" ಅಂದರು.

ಇಬ್ಬರೂ ಆ ಟ್ಯೂಬನ್ನು ನೋಡುತ್ತಾ ಕೂತೆವು. ಹನಿ ಮಳೆ ಹೆಂಚಿನ ಮೇಲೆ ಬೀಳುತ್ತಿತ್ತು. ಹೊಲದಲ್ಲಿ ಕದರಮ್ಮನವರು ಕಂತೆಗಳನ್ನು ಟಾರ್ಪಾಲಿನಡಿಗೆ ಎಳೆಯುತ್ತಿದ್ದರು. ಹತ್ತು ವರ್ಷದಲ್ಲಿ ನಾವಿಬ್ಬರೂ ಇಪ್ಪತ್ತು ನಿಮಿಷ ಮಾತಿಲ್ಲದೆ ಪಕ್ಕಪಕ್ಕ ಕೂತದ್ದು ಅದೇ ಮೊದಲು. ಸೂಜಿ ಚುಚ್ಚಿದ ಜಾಗದಿಂದಲೂ ರಕ್ತ ಜಿನುಗುತ್ತಲೇ ಇತ್ತು. ನಾನು ಹತ್ತಿ ಒತ್ತಿ ಹಿಡಿದಿದ್ದೆ. ಗಟ್ಟಿಯಾಗಲಿ, ಸೋತು ಅಡುಗೆ ಮಾಡುತ್ತೇನೆ, ಗಟ್ಟಿಯಾಗಲಿ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ.

ವ್ಯಾನ್ ಬಂದು ಹಾರ್ನ್ ಮಾಡಿತು. ಗಡಿಯಾರ ನೋಡಿ ಟ್ಯೂಬನ್ನು ಎತ್ತಿ ಓರೆ ಮಾಡಿದೆ. ರಕ್ತ ನೀರಿನ ಹಾಗೆ ಗಾಜಿನ ಇನ್ನೊಂದು ಬದಿಗೆ ಹರಿಯಿತು.

ಅತ್ತೆ ಎದ್ದು ಸೆರಗು ಸರಿ ಮಾಡಿಕೊಂಡು ಚಪ್ಪಲಿ ಮೆಟ್ಟಿದರು. ವ್ಯಾನಿನ ಬಾಗಿಲಲ್ಲಿ ನಿಂತು ಒಂದೇ ಒಂದು ಪ್ರಶ್ನೆ ಕೇಳಿದರು.

"ಸಿಂಚನಾನ ಎಲ್ಲಿ ಬಿಡ್ತೀಯಮ್ಮ?"

"ಶೆಟ್ಟಿಹಳ್ಳಿಲಿ, ನಮ್ಮಮ್ಮನ ಹತ್ರ. ಇನ್ನೆಲ್ಲಿ ಬಿಡ್ಲಿ? ಹತ್ತಿ ಅತ್ತೆ" ಅಂದೆ.

ಅವರ ಮುಖ ಒಮ್ಮೆಲೇ ಇಳಿದುಹೋಯಿತು. ನೋವಿಗೆ ಎಂದುಕೊಂಡೆ.

ಗುಬ್ಬಿಯ ಆಸ್ಪತ್ರೆಯಲ್ಲಿ ಡಾಕ್ಟರು ಏನು ಕಚ್ಚಿತಮ್ಮ ಎಂದು ಕೇಳಿದಾಗಲೂ ಅತ್ತೆ "ಕೂಳೆ" ಅಂದರು. ನಾನು ಟ್ಯೂಬ್ ಮುಂದೆ ಹಿಡಿದು ಸಮಯ ಹೇಳಿದೆ. ಡಾಕ್ಟರು ಕೈಯನ್ನೂ ಟ್ಯೂಬನ್ನೂ ನೋಡಿ ಇನ್ನೊಂದು ಪ್ರಶ್ನೆ ಕೇಳದೆ ಔಷಧಿ ಏರಿಸಲು ಶುರು ಮಾಡಿಸಿದರು. ಸಂಜೆಯೊಳಗೆ ಆಂಬ್ಯುಲೆನ್ಸಿನಲ್ಲಿ ತುಮಕೂರಿಗೆ ಬಂದೆವು. ಮೂತ್ರಪಿಂಡಕ್ಕೆ ಪೆಟ್ಟಾಗಿತ್ತು. ಮೂರು ಸಲ ಡಯಾಲಿಸಿಸ್ ಆಯಿತು. ಮೊದಲ ನಾಲ್ಕು ದಿನ ಡಾಕ್ಟರುಗಳು ನಮ್ಮ ಮುಖ ನೋಡಿ ಮಾತಾಡುತ್ತಿರಲಿಲ್ಲ, ಕೇಸ್ ಶೀಟ್ ನೋಡಿಕೊಂಡೇ ಮಾತಾಡುತ್ತಿದ್ದರು. ಅದರ ಅರ್ಥ ಲ್ಯಾಬಿನಲ್ಲಿ ಕೆಲಸ ಮಾಡುವ ನನಗೆ ಚೆನ್ನಾಗಿ ಗೊತ್ತು.

ಐದನೇ ದಿನ ಯಜಮಾನರು ಜೆಸಿಬಿಗೆ ಹೇಳಿ ಬಂದರು. ಯಾವತ್ತೂ ದನಿ ಎತ್ತದ ಮನುಷ್ಯ ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು, "ನಾಳೆ ಬೆಳಿಗ್ಗೆ ಹುತ್ತ, ಮಟ್ಟೆ ರಾಶಿ, ಬದು, ಎಲ್ಲಾ ಮಟ್ಟಸ ಮಾಡಿಸ್ತೀನಿ. ಒಂದು ಹುಳಾನೂ ಉಳೀಬಾರ್ದು" ಅಂದರು. ನಾನು "ಮಾಡ್ಸಿ" ಅಂದೆ. ಹತ್ತು ವರ್ಷದಿಂದ ನಾನು ಕೇಳುತ್ತಿದ್ದದ್ದು ಅದನ್ನೇ ತಾನೇ.

ಅವತ್ತೇ ಮಧ್ಯಾಹ್ನ ಅತ್ತೆ ದಿಂಬಿಗೆ ಒರಗಿ ಕೂರುವಷ್ಟಾದರು. ಗಂಜಿ ಕುಡಿಸುತ್ತಿದ್ದೆ. ಜೀವ ಉಳಿಯುತ್ತದೆ ಎಂದು ಡಾಕ್ಟರು ಬೆಳಿಗ್ಗೆ ಹೇಳಿದ್ದರು. ಖುಷಿಗೆ ಅಳಬೇಕಾಗಿದ್ದ ನನಗೆ ಸಿಟ್ಟು ಬಂತು.

"ಹಾವಿನ ಮರ್ಯಾದೆ ಉಳಿಸೋಕೆ ಜೀವ ಕೊಡೋಕೆ ಹೊರಟಿದ್ರಲ್ಲ ಅತ್ತೆ. ಮೂರು ತಲೆಮಾರಿನ ಹೆಸ್ರು ಕೆಡುತ್ತೆ ಅಂತಾನಾ?"

"ಹಾವಿಗೇನು ಮರ್ಯಾದೆ? ಮೈಮೇಲೆ ಬಿದ್ರೆ ಕಚ್ಚುತ್ತೆ. ಮಳೆ ಬಂತಲ್ಲ ಅಂತ ಕುಡುಗೋಲಲ್ಲಿ ಮಗುಚದೆ ಬಾಚಿ ತಬ್ಕಂಡೆ. ಊರಿಗೆಲ್ಲಾ ಹೇಳ್ದೋಳು ನಾನೇ ಮರ್ತೆ. ಅದು ಬುಸ್ ಅಂದಿರ್ಬೋದು, ಪಕ್ಕದ ಹೊಲದ ಟ್ರ್ಯಾಕ್ಟರ್ ಸದ್ದಲ್ಲಿ ಕೇಳಿಸ್ಲಿಲ್ಲ."

"ಮತ್ತೆ ಯಾಕೆ ಸುಳ್ಳು ಹೇಳಿದ್ರಿ?"

ಅವರು ಚಮಚವನ್ನು ಪಕ್ಕಕ್ಕೆ ಸರಿಸಿದರು.

"ನೀನು ಹೇಳಿದ್ಯಲ್ಲಮ್ಮ. ಯಾರಿಗಾದ್ರೂ ಮುಟ್ಟಿದ ದಿನ ಮಗೂನ ಕರ್ಕಂಡು ಹೊರಟೋಗ್ತೀನಿ ಅಂತ. ಕೂಳೆ ಅಂದ್ರೆ ಇರ್ತೀಯ ಅಂದ್ಕಂಡೆ."

"ಸತ್ತು ಹೋಗಿದ್ರೆ?"

"ಸತ್ರೆ, ಕೂಳೆ ನಂಜಾಗಿ ಸತ್ಲು ಅಂತಿದ್ರಿ. ನೀನು, ಮಗು ಮನೇಲಿರ್ತಿದ್ರಿ."

ಅದನ್ನು ಅವರು ಹೇಳಿದ್ದು ನಾಳೆ ಯಾವ ಹೊಲಕ್ಕೆ ನೀರು ಬಿಡಬೇಕು ಎಂದು ಹೇಳುವ ದನಿಯಲ್ಲಿ. ಲೆಕ್ಕ ಹಾಕಿ, ಸರಿ ಎನಿಸಿ, ನಾಲ್ಕು ಗಂಟೆ ಜಗಲಿಯ ಮೇಲೆ ಕೂತಿದ್ದರು. ಜಗಳದಲ್ಲಿ ಗೆಲ್ಲಲು ನಾನು ಐದು ವರ್ಷ ಝಳಪಿಸಿದ ಮಾತನ್ನು ಅವರು ಐದು ವರ್ಷ ನಿಜವೆಂದೇ ನಂಬಿಕೊಂಡು ಬದುಕಿದ್ದರು. ಪ್ರತಿ ಗರಿಯನ್ನೂ ಎಳೆದು ನೋಡುವಾಗ, ಪ್ರತಿ ಹೆಜ್ಜೆಗೂ ಕೋಲು ಕುಟ್ಟುವಾಗ, ಅವರು ಕಾಯುತ್ತಿದ್ದದ್ದು ತಮ್ಮ ಜೀವವನ್ನಲ್ಲ. ನನಗೆ ಅಷ್ಟು ನಾಚಿಕೆ ಹಿಂದೆಂದೂ ಆಗಿಲ್ಲ, ಮುಂದೆಯೂ ಆಗುವುದು ಬೇಡ.

"ಅದು ಸಿಟ್ಟಲ್ಲಿ ಹೇಳಿದ್ದು ಅತ್ತೆ. ಬರೀ ಮಾತು."

"ನಂಗೆ ಮಾತು ಅಂದ್ರೆ ಮಾತೇ ಕಣಮ್ಮ" ಅಂದರು.

ಹೊರಗೆ ಬಂದು ಯಜಮಾನರಿಗೆ ಫೋನ್ ಮಾಡಿ ಜೆಸಿಬಿ ಬೇಡ ಅಂದೆ. ಅವರಿಗೆ ತಲೆ ಕೆಟ್ಟಿತು. "ಬೆಳಿಗ್ಗೆ ಮಾಡ್ಸಿ ಅಂದೆ, ಈಗ ಬೇಡ ಅಂತೀಯ. ಇಷ್ಟು ವರ್ಷ ನೀನೇ ತಾನೆ ಹುತ್ತ ಕೀಳ್ಸಿ ಅಂತ ಪ್ರಾಣ ತಿಂದಿದ್ದು?"

"ಕಚ್ಚಿದ್ದು ಹೊಲದ ಮಂಡಲ, ಹುತ್ತದ್ದಲ್ಲ. ನಾಲ್ಕು ಗಂಟೆ ಆಸ್ಪತ್ರೆಗೆ ಹೋಗ್ದಂಗೆ ಕೂರಿಸಿದ್ದು ನಾನು. ಹುತ್ತ ಕಿತ್ರೆ ನನ್ನ ನಾಲಿಗೆ ಸರಿ ಹೋಗುತ್ತಾ?" ಅಂದೆ. ಆಮೇಲೆ ಎಲ್ಲ ಹೇಳಿದೆ. ಬೇಡ ಅಂತ ಜೆಸಿಬಿಯವನಿಗೆ ಅವರೇ ಹೇಳಿದರು.

ಹನ್ನೊಂದನೇ ದಿನ ಡಿಸ್ಚಾರ್ಜ್ ಆಯಿತು. ಮನೆಗೆ ಬಂದ ಮೇಲೆ ಅವರನ್ನು ಕೂರಿಸಿಕೊಂಡು ಒಂದು ಒಪ್ಪಂದ ಮಾಡಿಕೊಂಡೆ.

"ಇನ್ಮೇಲೆ ಏನು ಮುಟ್ಟಿದ್ರೂ ಮೊದಲು ನಂಗೆ ಹೇಳ್ಬೇಕು. ಹಾವಾಗ್ಲಿ, ಇರುವೆಯಾಗ್ಲಿ."

"ಹೇಳಿದ್ರೆ?"

"ಹೇಳಿದ್ರೆ ಎಲ್ಲಿದ್ರೂ ಬರ್ತೀನಿ."

ಅವರು ತಲೆಯಾಡಿಸಿದರು. ನಂಬಿದರೋ ಇಲ್ಲವೋ ಗೊತ್ತಾಗಲಿಲ್ಲ.

ಮಟ್ಟೆ ರಾಶಿಯನ್ನು ಮನೆಯಿಂದ ದೂರ ಸಾಗಿಸಿದೆವು. ಬಚ್ಚಲ ತೂಬಿಗೆ ಜಾಲರಿ ಹಾಕಿಸಿದೆವು. ಹೊಲಕ್ಕಿಳಿಯುವವರಿಗೆಲ್ಲ ಗಂಬೂಟು ತಂದೆವು. ಅತ್ತೆ ಅದನ್ನು ಹಾಕಿಕೊಂಡು ಪೊಲೀಸಿನವರ ಹಾಗೆ ನಡೆಯುತ್ತಾರೆ ಎಂದು ಸಿಂಚನಾ ನಗುತ್ತಾಳೆ. ಹುತ್ತ ಇದ್ದಲ್ಲೇ ಇದೆ. ನನಗೆ ಧೈರ್ಯ ಬಂದಿದೆ ಎಂದೇನಲ್ಲ. ಇವತ್ತಿಗೂ ಮೇಸ್ತ್ರಿ ಏಣಿ ಇಳಿಯುವಾಗ ನಾನು ಮಂಚ ಹತ್ತುವ ನಮ್ಮ ಮಾವನ ಪಾರ್ಟಿ. ಆದರೆ ಕಿರುಚುವುದಿಲ್ಲ, ಹಿತ್ತಲ ಬಾಗಿಲು ತೆಗೆದಿಡುತ್ತೇನೆ.

ಅತ್ತೆಯಲ್ಲಿ ಒಂದು ಬದಲಾವಣೆ ಮಾತ್ರ ನನ್ನನ್ನು ಕೊರೆಯುತ್ತಿತ್ತು. ಬೆಳಿಗ್ಗೆ ನಾನು ಸ್ಕೂಟಿ ಸ್ಟಾರ್ಟ್ ಮಾಡಿದ ತಕ್ಷಣ, ಎಲ್ಲಿದ್ದರೂ ಬಂದು ಜಗಲಿಯ ಕಂಬ ಹಿಡಿದು ನಿಂತು ಕೇಳುತ್ತಿದ್ದರು: "ಸಂಜೆ ಬರ್ತೀಯಾ?" ಹತ್ತು ವರ್ಷದಲ್ಲಿ ಒಂದು ದಿನವೂ ಕೇಳದವರು. ಬರ್ತೀನಿ ಅತ್ತೆ ಅನ್ನುತ್ತಿದ್ದೆ. ಮಾರನೇ ದಿನ ಮತ್ತೆ ಅದೇ ಪ್ರಶ್ನೆ. ಕೆಲವು ದಿನ ಬೇಸರವಾಗುತ್ತಿತ್ತು, ಕೆಲವು ದಿನ ಗುಬ್ಬಿ ತಲುಪುವವರೆಗೂ ಕಣ್ಣು ಮಂಜಾಗುತ್ತಿತ್ತು. ನನ್ನ ಬಾಯಿಂದ ಬಂದ ಒಂದು ಮಾತನ್ನು ಅಳಿಸಲು ಎಷ್ಟು ಸಲ 'ಬರ್ತೀನಿ' ಅನ್ನಬೇಕೋ ನನಗೆ ಗೊತ್ತಿರಲಿಲ್ಲ.

ಶಿವರಾತ್ರಿ ಕಳೆದ ಒಂದು ಸೋಮವಾರ ಲ್ಯಾಬಿನಲ್ಲಿ ಜನವೋ ಜನ. ಖಾಲಿ ಹೊಟ್ಟೆಯಲ್ಲಿ ಶುಗರ್ ಟೆಸ್ಟಿಗೆ ಬಂದವರೆಲ್ಲ ಸಿಡಿಮಿಡಿ ಅನ್ನುತ್ತಿದ್ದರು. ಫೋನ್ ಬಂತು, ಮನೆಯಿಂದ. ಒಬ್ಬರ ತೋಳಿಗೆ ಪಟ್ಟಿ ಕಟ್ಟಿದ್ದವಳು ಹಾಗೇ ಬಿಟ್ಟು ಎತ್ತಿಕೊಂಡೆ.

"ನಂದಿತಾ, ಗೊದ್ದ ಕಡೀತು" ಅಂದರು ಅತ್ತೆ.

ಗೊದ್ದ ಅಂದರೆ ದಪ್ಪ ಕರಿ ಇರುವೆ. "ಎಲ್ಲಿಗೆ ಅತ್ತೆ?"

"ಕಾಲ್ಬೆರಳಿಗೆ. ಗೊದ್ದಾನೇ, ಕಣ್ಣಾರೆ ನೋಡ್ದೆ. ಎಲ್ಲಾ ಹೇಳ್ಬೇಕು ಅಂದಿದ್ಯಲ್ಲ, ಹೇಳ್ದೆ."

ತೋಳು ಚಾಚಿ ಕೂತಿದ್ದವರು ನನ್ನನ್ನೇ ನೋಡುತ್ತಿದ್ದರು.

"ಊದಿದೆಯಾ? ಈಗಲೇ ಬರ್ಲಾ?"

"ಗೊದ್ದಕ್ಕೆಲ್ಲಾ ಯಾರಾದ್ರೂ ಕೆಲ್ಸ ಬಿಟ್ಟು ಬರ್ತಾರೇನೇ? ನಿನ್ ಕೆಲ್ಸ ನೋಡ್ಕೋ. ಸಂಜೆ ಹೆಂಗಿದ್ರೂ ಮನೆಗೆ ಬರ್ತೀಯಲ್ಲ" ಅಂದು ಫೋನ್ ಇಟ್ಟರು.